ಮೋನಿಕಾ ತಾಯಿಗೆ ದೊರೆಯದ ವರ

ಮನೆಯ ಮಗನೊಬ್ಬ ದೇವಾಲಯದ ಮೆಟ್ಟಿಲು ಹತ್ತುವುದನ್ನು ಬಿಟ್ಟು ವರ್ಷಗಳೇ ಸಂದಿರುವಾಗ, ಸಂಜೆಯ ಜಪಸರದ ಕೊನೆಯಲ್ಲಿ ಅವನ ಹೆಸರು ಹೇಳುವ ನಮ್ಮ ಸ್ವರವೂ ಕುಗ್ಗುತ್ತದೆ. ಬೇಡಿ ಬೇಡಿ ದಣಿದೆವು ಎನಿಸುತ್ತದೆ. ಅಂತಹ ವೇಳೆ ಸಂತ ಮೋನಿಕಾ ತಾಯಿಯನ್ನು ಸ್ಮರಿಸುತ್ತೇವೆ. ಆದರೆ ಆಕೆಯ ಕಣ್ಣೀರಿಗೆ ದೊರೆತ ಫಲವನ್ನಷ್ಟೇ ನೆನೆದು, ದೊರೆಯದೆ ಹೋದುದನ್ನು ಮರೆಯುತ್ತೇವೆ.

ಕ್ರಿ.ಶ. 383. ಉತ್ತರ ಆಫ್ರಿಕದ ಕಾರ್ತೇಜ್ ಬಂದರು. ಮನೀಕೇಯ ಪಂಥವನ್ನು ಸೇರಿ ಸುಮಾರು ಒಂಬತ್ತು ವರ್ಷಗಳನ್ನು ಕಳೆದಿದ್ದ ಮಗ ಅಗಸ್ಟೀನ್ ರೋಮಿಗೆ ಹೊರಟು ನಿಂತಿದ್ದ. ತಾಯಿ ಬಿಡದೆ ಹಿಡಿದುಕೊಂಡಳು. ಸ್ನೇಹಿತನನ್ನು ಬೀಳ್ಕೊಡಲಷ್ಟೇ ಬಂದೆನೆಂದು ಮಗ ಸುಳ್ಳಾಡಿದ. ಸಮೀಪದಲ್ಲೇ ಇದ್ದ ಸಂತ ಸಿಪ್ರಿಯಾನರ ಸ್ಮಾರಕ ಮಂದಿರದಲ್ಲಿ ಆಕೆ ರಾತ್ರಿ ಪ್ರಾರ್ಥಿಸುತ್ತಿರಲು (ಮಗ ಹೋಗದಿರಲೆಂಬುದೇ ಆ ಪ್ರಾರ್ಥನೆ!) ಹಡಗು ಹಾಯಿ ಬಿಚ್ಚಿತು. ಬೆಳಗಾದಾಗ ಕಂಡದ್ದು ಬರಿಯ ಕಡಲು. ತಾಯಿಯ ಅಂದಿನ ಗೋಳನ್ನು ಅಗಸ್ಟೀನರೇ ಮುಂದೆ 'ಕನ್ಫೆಷನ್ಸ್' ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಆ ಬೇಡಿಕೆ ಈಡೇರಿದ್ದರೆ ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರ ಬೋಧನೆ ಬಹುಶಃ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇಂದು ನಾವು ಇದನ್ನು ಸುಲಭವಾಗಿ ಹೇಳಿಬಿಡುತ್ತೇವೆ; ದಡದಲ್ಲಿ ನಿಂತಿದ್ದ ತಾಯಿಗೆ ಇದಾವುದೂ ತಿಳಿದಿರಲಿಲ್ಲ. ಆಕೆ ಮಾಡಿದ್ದಿಷ್ಟೇ: ಮನೆಗೆ ಮರಳಿ, ಮತ್ತೆ ಅವನಿಗಾಗಿಯೇ ಪ್ರಾರ್ಥಿಸತೊಡಗಿದಳು. ಬಳಿಕ ತಾನೂ ಕಡಲು ದಾಟಿ ಮಿಲಾನಿಗೆ ಹೋದಳು. 387ರ ಪಾಸ್ಕ ಜಾಗರಣೆಯಂದು ಅಗಸ್ಟೀನರು ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ, ಊರಿಗೆ ಮರಳುವ ಹಾದಿಯಲ್ಲಿ, ಓಸ್ತಿಯದಲ್ಲಿ ಆಕೆ ದೈವಾಧೀನಳಾದಳು. ಆ ಕಣ್ಣುಗಳನ್ನು ಮುಚ್ಚಿದವರು ಮಗನೇ.