ಬಾವಲಿಯ ಮರವನ್ನು ಕಡಿಯಬೇಕೇ?

ಮುಸ್ಸಂಜೆಯ ದೀಪ ಹಚ್ಚಿ ಅಂಗಳಕ್ಕಿಳಿದರೆ, ನಾಗಬನದ ಕಡೆಯಿಂದ ದೊಡ್ಡ ಕಪ್ಪು ರೆಕ್ಕೆಗಳು ನಿಧಾನವಾಗಿ ಬೀಸುತ್ತ ತೋಟಗಳತ್ತ ಸಾಗುವ ದೃಶ್ಯವು ಕಾಸರಗೋಡಿನ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನಾವು ಬಾವಲಿಯೆಂದೂ ನೆರೆಯ ಮಲಯಾಳಿಗಳು ವವ್ವಾಲ್ ಎಂದೂ ಕರೆಯುವ ಈ ಜೀವಿಯನ್ನು ನಮ್ಮ ಹಿರಿಯರು ಅದರ ಪಾಡಿಗೆ ಬಿಟ್ಟಿದ್ದರು. ಆದರೆ 2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ, ಮಲಪ್ಪುರಂ ಜಿಲ್ಲೆಗಳಲ್ಲಿ ಕಾಣಿಸಿಕೊಂಡ ನಿಪಾ ರೋಗವು 17 ಮಂದಿಯನ್ನು ಬಲಿ ತೆಗೆದುಕೊಂಡ ಮೇಲೆ, ಬಾವಲಿಗಳಿರುವ ಮರಗಳನ್ನೇ ಕಡಿದುಬಿಡೋಣವೆಂಬ ಮಾತು ಅಲ್ಲಲ್ಲಿ ಹುಟ್ಟಿಕೊಂಡಿತು. ಕೊಡಲಿ ಎತ್ತುವ ಮೊದಲು ಈ ನೆರೆಹೊರೆಯ ಜೀವಿಯನ್ನು ಚೆನ್ನಾಗಿ ಅರಿಯುವುದು ವಿವೇಕವಲ್ಲವೇ?

ಬಾವಲಿಯು ಪಕ್ಷಿಯಲ್ಲ, ಮರಿಗೆ ಹಾಲೂಡಿಸುವ ಸಸ್ತನಿ. ನೀಳವಾದ ಕೈಬೆರಳುಗಳ ನಡುವೆ ಹಬ್ಬಿದ ತೊಗಲೇ ಅದರ ರೆಕ್ಕೆ. ನಮ್ಮ ದೇಶದ ಬಾವಲಿಗಳಲ್ಲಿ ಅತಿ ದೊಡ್ಡದಾದ ಈ ಜಾತಿಗೆ ನರಿಯಂಥ ಮೋರೆ, ದೊಡ್ಡ ಕಣ್ಣು. ರೆಕ್ಕೆ ಬಿಚ್ಚಿದರೆ ಸುಮಾರು 4 ಅಡಿ ಅಗಲ. ಹುಳು ಹಿಡಿಯುವ ಸಣ್ಣ ಬಾವಲಿಗಳಂತೆ ಶಬ್ದದ ಪ್ರತಿಧ್ವನಿಯಿಂದ ಇದು ದಾರಿ ಅರಿಯುವುದಿಲ್ಲ. ಕಣ್ಣನ್ನೂ ಮೂಗನ್ನೂ ನಂಬಿ ಹಾರುತ್ತದೆ.

ಆಲ, ಅರಳಿ, ಅತ್ತಿ, ಮಾವು, ಪೇರಳೆ, ಬಾಳೆ, ಗೇರುಹಣ್ಣು ಇವೆಲ್ಲ ಇದರ ಆಹಾರ. ಬೂರುಗದಂಥ ಮರಗಳ ಹೂವಿನ ಮಕರಂದವೂ ಪ್ರಿಯವೇ. ಹಣ್ಣನ್ನು ಅಗಿದು, ಅಂಗುಳಿಗೆ ಒತ್ತಿ, ರಸವನ್ನು ನುಂಗಿ ನಾರನ್ನು ಉಗುಳುತ್ತದೆ. ಆಲ, ಅತ್ತಿಗಳ ಸಣ್ಣ ಬೀಜಗಳು ಹೊಟ್ಟೆಯೊಳಗೆ ಹೋಗಿ, ಹಾರಾಟದ ನಡುವೆ ಹಿಕ್ಕೆಯೊಡನೆ ದೂರದ ನೆಲಕ್ಕೆ ಬೀಳುತ್ತವೆ. ದೊಡ್ಡ ಬೀಜಗಳು ತಾಯಿಮರದಿಂದ ಆಚೆ ಉದುರುತ್ತವೆ. ತೋಟದ ಹಣ್ಣಿಗೆ ನಷ್ಟವುಂಟು, ನಿಜ. ಆದರೆ ಯಾರೂ ನೆಡದ ಎಷ್ಟೋ ಮರಗಳು ಹೀಗೆ ಹುಟ್ಟಿದವೆಂಬುದೂ ಅಷ್ಟೇ ನಿಜ.

ಹಗಲಿನಲ್ಲಿ ಇವು ಎತ್ತರದ ಹಳೆಯ ಮರಗಳಲ್ಲಿ ನೂರಾರು ಸಂಖ್ಯೆಯಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಒಮ್ಮೆ ನೆಲೆಯಾದ ಮರವನ್ನು ಹಲವು ದಶಕಗಳ ಕಾಲ ಬಿಡದಿರುವುದುಂಟು. ಬಿಸಿಲು ಹೆಚ್ಚಾದರೆ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತವೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕಿ, ಮೊದಲ ಕೆಲವು ವಾರ ಅದನ್ನು ಎದೆಗಪ್ಪಿಕೊಂಡೇ ಹಾರುತ್ತದೆ. ಆದ್ದರಿಂದ ನಾಶವಾದ ಹಿಂಡು ಬೇಗ ತುಂಬಿಕೊಳ್ಳಲಾರದು. ಇದರ ಚಿಕ್ಕ ಬಂಧುವಾದ ಮೋಟುಮೂಗಿನ ಹಣ್ಣುಬಾವಲಿಯ ರೀತಿ ಬೇರೆ. ಅದರ ಗಂಡು ಬೈನೆಯ ಗೊಂಚಲನ್ನೋ ಎಲೆಗಳನ್ನೋ ಕಚ್ಚಿ ಕತ್ತರಿಸಿ, ಪುಟ್ಟ ಗುಡಾರ ಕಟ್ಟಿ ಹೆಣ್ಣುಗಳನ್ನು ಕರೆದುಕೊಳ್ಳುತ್ತದೆ.

ಇನ್ನು ರೋಗದ ಮಾತು. ನಿಪಾ ವೈರಾಣುವಿನ ಸಹಜ ನೆಲೆ ಈ ದೊಡ್ಡ ಬಾವಲಿಗಳೇ ಎಂಬುದರಲ್ಲಿ ಸಂಶಯವಿಲ್ಲ. ಬಾಂಗ್ಲಾದೇಶದಲ್ಲಿ ರಾತ್ರಿ ಮಡಕೆಗಿಳಿಸಿದ ಈಚಲ ಹಸಿರಸಕ್ಕೆ ಬಾವಲಿಯ ಜೊಲ್ಲು, ಮೂತ್ರ ಸೇರಿ ಕುಡಿದವರಿಗೆ ರೋಗ ತಗಲಿದ್ದುಂಟು. ರೋಗಿಯನ್ನು ಉಪಚರಿಸುವವರಿಗೂ ಇದು ಅಂಟುತ್ತದೆ. ಆದುದರಿಂದ ಕಚ್ಚಿದ ಗುರುತುಳ್ಳ ಹಣ್ಣನ್ನು ಮಕ್ಕಳಿಗೆ ಕೊಡಬಾರದು. ಉಳಿದ ಹಣ್ಣನ್ನು ತೊಳೆದು ಸಿಪ್ಪೆ ಸುಲಿದು ತಿನ್ನಬೇಕು. ಬಾವಲಿ ಚೀಪಿ ಬೀಳಿಸಿದ ಅಡಿಕೆಯನ್ನು ಬರಿಗೈಯಿಂದ ಹೆಕ್ಕಬಾರದು. ಬಾವಿಗೆ ಬಲೆ ಹೊದಿಸಬೇಕು. ನೆಲಕ್ಕೆ ಬಿದ್ದ ಬಾವಲಿಯನ್ನು ಮುಟ್ಟಲೇಬಾರದು.

ಮರ ಕಡಿಯುವುದರಿಂದ ರೋಗ ಅಳಿಯದು. ಬೆದರಿದ ಹಿಂಡು ಚದರಿ ಇನ್ನೊಂದು ಊರಿನ, ಪ್ರಾಯಶಃ ಇನ್ನೊಂದು ಮನೆಯಂಗಳದ ಮರವನ್ನು ಸೇರುತ್ತದೆ. ಕಾಯಿದೆಯ ಕಣ್ಣೂ ಈಗ ಬದಲಾಗಿದೆ. 1972ರ ವನ್ಯಜೀವಿ ಕಾಯಿದೆಯು ಹಣ್ಣುಬಾವಲಿಗಳನ್ನು ಇಲಿ ಕಾಗೆಗಳೊಡನೆ ಪೀಡೆಯ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಮರದ ಮೇಲಿನ ಬಾವಲಿಗಳು ಬೆದರದಿರಲೆಂದು ದೀಪಾವಳಿಯಂದು ಪಟಾಕಿಯನ್ನೇ ಸುಡುವುದಿಲ್ಲ.

ಬನದ ಮರವನ್ನು ಹಿರಿಯರು ಭಕ್ತಿಯಿಂದ ಉಳಿಸಿದರು. ನಾವು ತಿಳಿವಳಿಕೆಯಿಂದ ಉಳಿಸೋಣ. ಹಣ್ಣಿನ ವಿಷಯದಲ್ಲಿ ಎಚ್ಚರವಿರಲಿ. ಮರದ ವಿಷಯದಲ್ಲಿ ತಾಳ್ಮೆಯಿರಲಿ.