ಹಬ್ಬದ ಊಟ, ಗೆಳೆಯರ ಕೂಟ ಮತ್ತು ನಿಮ್ಮ ಸಕ್ಕರೆ ಗುಳಿಗೆ



ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಕಡೆ ಸಂಭ್ರಮದ ಕಾಲ. ಮನೆಗೆ ಬೀಗರು, ನೆಂಟರು ಬರುತ್ತಾರೆ. ಹೋಳಿಗೆ, ಕರಿಗಡಬು, ಚಕ್ಕಲಿ ಆಗುತ್ತವೆ. ಡಿಸೆಂಬರ್ 31ರ ರಾತ್ರಿ ಗೆಳೆಯರ ಕೂಟ ಸೇರುತ್ತದೆ. ಕೆಲವು ಕಡೆ ಬಾಟಲಿಯೂ ಬರುತ್ತದೆ. ವಾರ್ಡಿನಲ್ಲಿ ಕುಡಿತದ ಮಾತು ಎತ್ತಿದರೆ ಹೆಚ್ಚಿನವರು "ನಾವು ಅಂಥವರಲ್ಲ ಸಿಸ್ಟರ್" ಎಂದು ನಕ್ಕು ಸುಮ್ಮನಾಗುತ್ತಾರೆ. ಯಾರನ್ನೂ ನಾಚಿಸಲು ನಾನು ಇದನ್ನು ಬರೆಯುತ್ತಿಲ್ಲ. ತಿಳಿಯದೆ ಆಗುವ ಒಂದು ತಪ್ಪಿಗೆ ಜೀವ ಹೋಗಬಾರದು ಎಂದು ಬರೆಯುತ್ತಿದ್ದೇನೆ.

"ಮಲಗಲಿ ಬಿಡಿ" ಎಂದರು

ಹೊಸ ವರ್ಷದ ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಒಬ್ಬರನ್ನು ಎಚ್ಚರವಿಲ್ಲದ ಸ್ಥಿತಿಯಲ್ಲಿ ಕರೆತಂದರು. ಅವರು ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದವರು. ಹಿಂದಿನ ದಿನ ಮಧ್ಯಾಹ್ನ ಸಿಹಿ ಹೆಚ್ಚಾಯಿತೆಂದು ರಾತ್ರಿ ಊಟ ಬಿಟ್ಟಿದ್ದರು. ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ಆಮೇಲೆ ಗೆಳೆಯರ ಜೊತೆ ಕುಡಿದು ಬಂದರು. ಮಾತು ತೊದಲುತ್ತಿತ್ತು, ಕಾಲು ತೂರಾಡುತ್ತಿತ್ತು, ಮೈ ಬೆವತಿತ್ತು. ನಶೆ ಇಳಿಯುವವರೆಗೆ ಮಲಗಲಿ ಬಿಡಿ ಎಂದು ಮನೆಯವರು ಹೊದಿಸಿ ಮಲಗಿಸಿದರು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಇಲ್ಲಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ 28 ಇತ್ತು. 70ಕ್ಕಿಂತ ಕೆಳಗೆ ಬಂದರೇ ಅದು ಅಪಾಯದ ಸೂಚನೆ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಪುಣ್ಯಕ್ಕೆ ಕಣ್ಣು ತೆರೆದರು. ಅವರ ಹೆಂಡತಿ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಗೊತ್ತಿದ್ರ ರಾತ್ರೀನ ಸಕ್ಕರಿ ನೀರು ಕುಡಿಸ್ತಿದ್ನೆಲ್ಲರೀ ಸಿಸ್ಟರ್."

ಹೀಗೇಕೆ ಆಗುತ್ತದೆ?

ನಾವು ಊಟ ಮಾಡದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು, ಅಂದರೆ ಲಿವರ್. ತಾನು ಕೂಡಿಟ್ಟ ಸಕ್ಕರೆಯನ್ನು ಅದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಮದ್ಯ ಹೊಟ್ಟೆಗೆ ಹೋದಾಗ ಅದನ್ನು ಕರಗಿಸುವ ಕೆಲಸವೂ ಲಿವರಿನ ಮೇಲೆಯೇ ಬೀಳುತ್ತದೆ. ಆಗ ಹೊಸ ಸಕ್ಕರೆ ತಯಾರಿಸುವ ಕೆಲಸ ಹಿಂದೆ ಬೀಳುತ್ತದೆ. ಇತ್ತ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಅನ್ನವೂ ಇಲ್ಲ, ಲಿವರಿನ ನೆರವೂ ಇಲ್ಲ. ಕುಡಿದ ಎಷ್ಟೋ ಗಂಟೆಗಳ ನಂತರ, ಮರುದಿನ ಬೆಳಿಗ್ಗೆಯೂ ಸಕ್ಕರೆ ಕುಸಿಯಬಹುದು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಕಡಿಮೆ. ಆದರೆ ಅತಿಯಾಗಿ ಕುಡಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಬೇರೆ ಅಪಾಯ ಅವರಿಗಿದೆ.

ನಶೆಯೋ, ಸಕ್ಕರೆ ಕುಸಿತವೋ?

ತೊದಲು, ತೂರಾಟ, ಮಂಪರು, ಸಿಟ್ಟು, ಅಸಂಬದ್ಧ ಮಾತು ಎರಡರಲ್ಲೂ ಇರುತ್ತವೆ. ಬಾಯಿಂದ ವಾಸನೆ ಬಂದ ಮಾತ್ರಕ್ಕೆ ನಶೆಯೇ ಎಂದು ತೀರ್ಮಾನಿಸಬೇಡಿ. ತಣ್ಣನೆಯ ಬೆವರು, ಕೈ ನಡುಕ, ಎದೆ ಬಡಿತ ಇದ್ದರೆ ಸಕ್ಕರೆ ಕುಸಿತದ ಅನುಮಾನ ಪಡಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಕ್ಷಣ ನೋಡಿ. ಇಲ್ಲದಿದ್ದರೆ ಕುಸಿತವೆಂದೇ ತಿಳಿದು ಹೀಗೆ ಮಾಡಿ:

1. ಎಚ್ಚರವಿದ್ದು ನುಂಗಬಲ್ಲವರಾದರೆ 3 ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ.
2. 15 ನಿಮಿಷಕ್ಕೆ ಸುಧಾರಿಸದಿದ್ದರೆ ಇನ್ನೊಮ್ಮೆ ಕುಡಿಸಿ. ಸುಧಾರಿಸಿದ ಮೇಲೆ ರೊಟ್ಟಿ ಅಥವಾ ಅನ್ನ ಊಟ ಮಾಡಿಸಿ.
3. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.
4. ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಿ. ಗುಳಿಗೆಯ ಪರಿಣಾಮ ಬಹಳ ಹೊತ್ತು ಇರುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು.

"ವೈನ್ ಅಷ್ಟೇ, ಬಿಯರ್ ಅಷ್ಟೇ" ಎನ್ನುವವರಿಗೆ

100 ಮಿ.ಲೀ. ವೈನ್, 30 ಮಿ.ಲೀ. ವಿಸ್ಕಿ ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ, ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಇದರ ನಾಲ್ಕು ಪಟ್ಟು ಇರುತ್ತದೆ. ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು ಕೇಳುವವರಿದ್ದಾರೆ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ತಿಳಿಸಿದೆ. ಹಬ್ಬ, ರಜೆಗಳಲ್ಲಿ ಮಿತಿಮೀರಿ ಕುಡಿದವರ ಹೃದಯ ಬಡಿತ ತಾಳ ತಪ್ಪುವುದನ್ನು ಅಮೆರಿಕದ ವೈದ್ಯ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು 1978ರಲ್ಲೇ ಗುರುತಿಸಿ, ಅದಕ್ಕೆ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು.

ಹಬ್ಬದ ಊಟ ಬಿಡಬೇಕೇ?

ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೊದಲು ಕೋಸಂಬರಿ, ಪಲ್ಯ ತಿನ್ನಿ. ಒಂದು ಹೋಳಿಗೆ ತಿಂದರೆ ಅಷ್ಟರಮಟ್ಟಿಗೆ ಅನ್ನ, ರೊಟ್ಟಿ ಕಡಿಮೆ ಮಾಡಿ. ಸಿಹಿ ಹೆಚ್ಚಾಯಿತೆಂದು ನೀವಾಗಿಯೇ ಎರಡು ಗುಳಿಗೆ ನುಂಗಬೇಡಿ. ಮುಂದಿನ ಊಟವನ್ನೂ ಬಿಡಬೇಡಿ. ಬಿಪಿ ಇರುವವರು ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿಡಿ. ಬಡಿಸುವ ತಾಯಂದಿರಲ್ಲಿ ಒಂದು ವಿನಂತಿ: ಸಾಕು ಎಂದವರಿಗೆ "ಇನ್ನೊಂದು" ಎಂದು ಒತ್ತಾಯ ಮಾಡಬೇಡಿ. ಗೆಳೆಯರಿಗೂ ಅದೇ ಮಾತು. ಕುಡಿಯುವುದಿಲ್ಲ ಎಂದವನನ್ನು ಹಾಸ್ಯ ಮಾಡಬೇಡಿ.

ಮುಚ್ಚಿಡಬೇಡಿ

ಭೇದಿ ಮತ್ತು ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಗುಳಿಗೆ ನಡೆಯುತ್ತಿರುವಾಗ ಮತ್ತು ಮುಗಿದ 3 ದಿನಗಳವರೆಗೆ ಮದ್ಯ ಮುಟ್ಟಬಾರದು. ವಾಂತಿ, ತಲೆನೋವು, ಎದೆ ಬಡಿತ ಆಗಬಹುದು. ದಿನವೂ ಹೆಚ್ಚು ಕುಡಿಯುವವರು ಆಸ್ಪತ್ರೆಗೆ ದಾಖಲಾಗಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಇದಕ್ಕೆ ಔಷಧವಿದೆ, ಆದರೆ ವೈದ್ಯರಿಗೆ ಮೊದಲೇ ಗೊತ್ತಿರಬೇಕು. ರೋಗಿ ಹೇಳಲು ಸಂಕೋಚಪಟ್ಟರೆ ಬಂಧುಗಳಾದರೂ ನಮ್ಮ ಬಳಿ ಬಂದು ಹೇಳಿ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಕುಡಿಯದಿರುವುದೇ ಎಲ್ಲಕ್ಕಿಂತ ಕ್ಷೇಮ. ಆದರೂ ಅಂಥ ರಾತ್ರಿ ಬಂದರೆ, ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರನ್ನು "ಮಲಗಲಿ" ಎಂದು ಬಿಟ್ಟುಬಿಡಬೇಡಿ. ಎಬ್ಬಿಸಿ, ಮಾತನಾಡಿಸಿ, ಸಕ್ಕರೆ ನೋಡಿ. ಈ ಹಾಳೆಯನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಹತ್ತಿರವೇ ಇಟ್ಟುಕೊಳ್ಳಿ.

ಎಲ್ಲರಿಗೂ ಹಬ್ಬದ ಶುಭಾಶಯಗಳು.