ಹಿಮದೇಶದಲ್ಲಿ ತುಳಸಿ

ಶ್ರೀರಂಗಪಟ್ಟಣದ ನಮ್ಮ ಹಿತ್ತಲಿನಲ್ಲಿ ತುಳಸಿಗೆ ವಿಶೇಷೋಪಚಾರವೇನೂ ಬೇಡ. ಬಿದ್ದ ಬೀಜವೆಲ್ಲ ಮೊಳೆಯುತ್ತದೆ. ಅದಕ್ಕೆ ನಿತ್ಯವೂ ಒಂದು ಚೆಂಬು ನೀರೆರೆಯುವ ನೇಮವನ್ನು ನಾಗಮಂಗಲದ ತವರಿನಿಂದ ತಂದ ನಮ್ಮ ಗೃಹಿಣಿಯು ಅದನ್ನು ಷಿಕಾಗೋ ನಗರದಲ್ಲಿರುವ ಮಗನ ಮನೆಗೂ ಕೊಂಡೊಯ್ದಳು.

ಜನವರಿ ಮಾಸ, ಹೊರಗೆಲ್ಲ ಹಿಮ. ಕಿಟಕಿಯ ಬಳಿಯ ಕುಂಡದಲ್ಲಿದ್ದ ತುಳಸಿಯು ೧೦ ದಿನಗಳ ಚೆಂಬಿನ ಸೇವೆಯಿಂದ ಹಳದಿಯಾಗಿ ತಲೆಬಾಗಿತು. ನೆರೆಮನೆಯ ಅಮೆರಿಕದ ವೃದ್ಧೆಯು ಸಸ್ಯಪ್ರಿಯಳು. ಆಕೆ ಬಂದವಳೇ ಬೆರಳನ್ನು ಮಣ್ಣಿನೊಳಕ್ಕೆ ಎರಡು ಗೆಣ್ಣಿನಷ್ಟು ಊರಿ, "ತೇವವಿದೆ, ನೀರು ಬೇಡ" ಎಂದಳು. ಮಡಿಯಿಲ್ಲದ ಬೆರಳು! ನಮ್ಮವಳ ಮುಖವನ್ನು ವರ್ಣಿಸುವ ಸಾಮರ್ಥ್ಯವು ನನಗಿಲ್ಲ.

ಆದರೆ ಆ ತಾಯಿಯ ಮಾತು ಯುಕ್ತವಾದುದೇ. ಚಳಿಯಲ್ಲಿ, ಮಂದವಾದ ಬೆಳಕಿನಲ್ಲಿ, ಗಿಡವು ನೀರನ್ನು ಸ್ವಲ್ಪವೇ ಹೀರುತ್ತದೆ. ಉಳಿದುದು ಮಣ್ಣಿನಲ್ಲಿ ನಿಂತು, ಗಾಳಿಯಾಡದೆ ಬೇರು ಕೊಳೆಯುತ್ತದೆ. ೬ನೆಯ ಶತಮಾನದ ವರಾಹಮಿಹಿರಾಚಾರ್ಯರೂ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಎರಡು ಹೊತ್ತು, ಶೀತಕಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲವು ಒಣಗಿದಾಗ ನೀರೆರೆಯಬೇಕೆಂದು ವಿಧಿಸಿದ್ದಾರೆ. ಇದನ್ನು ನಿವೇದಿಸಿದೆನು. "ಆಚಾರ್ಯರು ಹೇಳಿದ್ದರೆ ಸರಿ" ಎಂದಳು. ೩೫ ವರ್ಷ ಪಾಠ ಹೇಳಿದ ನನ್ನ ಮಾತಿಗೆ ಮನೆಯಲ್ಲಿ ಈ ಗೌರವವು ಎಂದೂ ದೊರೆತಿಲ್ಲ.

ಚೆಂಬಿನ ಸ್ಥಾನಕ್ಕೆ ಉದ್ಧರಣೆಯು ಬಂದಿತು. ನಿತ್ಯವೂ ಒಂದೇ ಉದ್ಧರಣೆ. ನೇಮಕ್ಕೂ ಭಂಗವಿಲ್ಲ, ಬೇರಿಗೂ ಕೇಡಿಲ್ಲ. ಕುಂಡವನ್ನು ತಣ್ಣನೆಯ ಗಾಜಿನಿಂದ ಒಂದು ಗೇಣು ಈಚೆಗೆ ಸರಿಸಿದೆವು. ಕದಿರನ್ನು ಚಿವುಟಿದರೆ ಗಿಡವು ಕವಲೊಡೆಯುವುದೆಂಬ ವೃದ್ಧೆಯ ಸಲಹೆಯೂ ಅಂಗೀಕೃತವಾಯಿತು, ಮಂಗಳವಾರ, ಶುಕ್ರವಾರ, ದ್ವಾದಶಿಗಳನ್ನು ಬಿಟ್ಟು. ಆಕೆಯಾದರೋ ಆ ದಿನಗಳನ್ನೆಲ್ಲ ತನ್ನ ಕ್ಯಾಲೆಂಡರಿನಲ್ಲಿ ಶ್ರದ್ಧೆಯಿಂದ ಗುರುತು ಮಾಡಿಕೊಂಡಳು.

ಮಾರ್ಚಿ ತಿಂಗಳಲ್ಲಿ ಮೂರು ಚಿಗುರುಗಳು ಕಂಡವು. ಪಾಂಡವಪುರದ ಬೀಗರಿಗೆ ಮೊಮ್ಮಗುವಿನ ಹಲ್ಲಿನ ವಾರ್ತೆಗಿಂತ ಮೊದಲು ಈ ವಾರ್ತೆಯು ತಲುಪಿತು.